ಎಲುಬಿನಂಗಡಿಗೆ ಎರಡು ಪ್ರಶ್ನೆ

ಹಣವೆಂದರೆ ಹೆಣವೂ ಬಾಯಿ ಬಿಡುವುದೆಂದು ನಮ್ಮಲ್ಲಿ ಗಾದೆಯುಂಟು. ಪಳೆಯುಳಿಕೆಗಳ ವ್ಯಾಪಾರದಲ್ಲಿ ಈ ಗಾದೆ ತಲೆಕೆಳಗಾಗಿದೆ. ಕೋಟಿಗಟ್ಟಲೆ ವರ್ಷ ಕಲ್ಲಿನೊಳಗೆ ಮಲಗಿದ್ದ ಎಲುಬು ಬಲ್ಲವರ ಕೈಗೆ ಬಂದರೆ ತನ್ನ ಕಾಲದ ಕಥೆಯನ್ನೆಲ್ಲ ಹೇಳುತ್ತದೆ. ಬರಿಯ ಹಣದ ಕೈಗೆ ಬಿದ್ದರೆ ಬಾಯಿ ಮುಚ್ಚಿಕೊಳ್ಳುತ್ತದೆ.

“ವ್ಯಾಪಾರದಲ್ಲಿ ತಪ್ಪೇನು? ಅಗೆದು ತೆಗೆಯುವವರಿಲ್ಲದಿದ್ದರೆ ಅದು ಮಳೆಗಾಳಿಗೆ ಸಿಕ್ಕಿ ಪುಡಿಯಾಗುತ್ತಿತ್ತು. ಅಗೆದವನಿಗೆ ಕೂಲಿ ಬೇಡವೆ?” ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸೋಣ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಊರಿನಲ್ಲಿ ಮೇರಿ ಆನಿಂಗ್ (೧೭೯೯–೧೮೪೭) ಎಂಬಾಕೆ ಪಳೆಯುಳಿಕೆಗಳ ಪುಟ್ಟ ಅಂಗಡಿ ಇಟ್ಟಿದ್ದಳು. ಬಡಗಿಯ ಮಗಳು. ಸಮುದ್ರ ಕೊರೆದ ಕಡಿಬಂಡೆಗಳಿಂದ ತಾನೇ ಅಗೆದು, ತೊಳೆದು, ಮಾರಿ ಬದುಕಿದಳು. ೧೮೨೩ರಲ್ಲಿ ಆಕೆ ತೆಗೆದ ಪ್ಲೀಸಿಯೋಸಾರ್ ಎಂಬ ಕಡಲ ಪ್ರಾಣಿಯ ಕತ್ತು ಎಷ್ಟು ಉದ್ದವಾಗಿತ್ತೆಂದರೆ, ಇದು ಎರಡು ಪ್ರಾಣಿಗಳ ಎಲುಬನ್ನು ಸೇರಿಸಿದ್ದಿರಬಹುದೆಂದು ಪ್ಯಾರಿಸಿನ ಮಹಾಪಂಡಿತ ಕುವಿಯೆ ಶಂಕಿಸಿದ. ೧೮೨೪ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಅದರ ಚರ್ಚೆ ನಡೆಯಿತು. ಕೊನೆಗೆ ಕುವಿಯೆಯೂ ಒಪ್ಪಿಕೊಂಡ. ಶಂಕೆ ಬಂದಾಗ ಎಲುಬು ಕಣ್ಣೆದುರಿಗಿತ್ತು. ಅದು ಸಿಕ್ಕಿದ ಬಂಡೆ ಊರಲ್ಲೇ ಇತ್ತು. ಅಗೆದವಳು ಅಂಗಡಿಯಲ್ಲೇ ಇದ್ದಳು. ಆ ಎಲುಬು ಇಂದು ಲಂಡನ್ನಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿದೆ. ಇದೂ ವ್ಯಾಪಾರವೇ. ಇಂಥ ವ್ಯಾಪಾರಕ್ಕೆ ವಿಜ್ಞಾನ ಋಣಿ.

ಈಗ ದೊಡ್ಡ ಅಂಗಡಿಗೆ ಬನ್ನಿ. ೧೯೯೭ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ‘ಸೂ’ ಎಂಬ ಟಿರಾನೊಸಾರಸ್ ಅಸ್ಥಿಪಂಜರ ೮೩ ಲಕ್ಷ ೬೦ ಸಾವಿರ ಡಾಲರಿಗೆ ಹೋಯಿತು. ಕೊಂಡದ್ದು ಶಿಕಾಗೋದ ಫೀಲ್ಡ್ ಮ್ಯೂಸಿಯಂ. ಆದರೆ ಅಷ್ಟು ಹಣಕ್ಕೆ ಮೆಕ್‌ಡೊನಾಲ್ಡ್ಸ್, ಡಿಸ್ನಿ ಕಂಪೆನಿಗಳ ನೆರವು ಬೇಕಾಯಿತು. ೨೦೨೦ರಲ್ಲಿ ‘ಸ್ಟ್ಯಾನ್’ ಎಂಬ ಇನ್ನೊಂದು ಮಾರಾಟಕ್ಕೆ ಬಂದಾಗ, ಸಾರ್ವಜನಿಕ ಸಂಸ್ಥೆಗಳಿಗೆ ಮಾತ್ರ ಕೂಗಲು ಅವಕಾಶ ಕೊಡಿರೆಂದು ವಿದ್ವಾಂಸರ ಸಂಘ ಬೇಡಿಕೊಂಡಿತು. ಹರಾಜಿನ ಗದ್ದಲದಲ್ಲಿ ಆ ಮಾತು ಯಾರಿಗೆ ಕೇಳಬೇಕು? ೩ ಕೋಟಿ ೧೮ ಲಕ್ಷ ಡಾಲರಿಗೆ ಸುತ್ತಿಗೆ ಬಿತ್ತು. ಕೊಂಡವರಾರೆಂಬುದು ಹೊರಬಿದ್ದದ್ದು ೨೦೨೨ರಲ್ಲಿ. ಪುಣ್ಯಕ್ಕೆ ಅದು ಅಬುಧಾಬಿಯ ವಸ್ತುಸಂಗ್ರಹಾಲಯಕ್ಕೆ ಸೇರಿತು. ಯಾವನಾದರೂ ಧನಿಕನ ಊಟದ ಮನೆಗೆ ಸೇರಿದ್ದರೆ ಮತ್ತೆ ನೋಡಿ ಪರೀಕ್ಷಿಸುವ ಹಕ್ಕು ಯಾರಿಗಿರುತ್ತಿತ್ತು? ೨೦೨೪ರಲ್ಲಿ ‘ಅಪೆಕ್ಸ್’ ಎಂಬ ಸ್ಟೆಗೊಸಾರಸ್ ಬೆಲೆ ೪ ಕೋಟಿ ೪೬ ಲಕ್ಷ ಡಾಲರಿಗೆ ಏರಿತು. ಕೊಂಡ ಶ್ರೀಮಂತರು ಅದನ್ನು ವಸ್ತುಸಂಗ್ರಹಾಲಯಕ್ಕೆ ಎರವಲು ಕೊಟ್ಟರು. ಸಂತೋಷ. ಆದರೆ ಎರವಲಿನ ಒಡವೆ ಎಂದಿದ್ದರೂ ಎರವಲಿನದೇ.

ಎಲ್ಲಿಗೆ ಹೋಗುತ್ತದೆಂಬುದು ಒಂದು ಪ್ರಶ್ನೆ. ಎಲ್ಲಿಂದ ಬಂತೆಂಬುದು ಇನ್ನೊಂದು. ೨೦೧೨ರಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿ ಕೂಗಿದ ಟಾರ್ಬೊಸಾರಸ್ ಒಂದರ ಆಮದು ಕಾಗದದಲ್ಲಿ ಅದರ ಮೂಲ ಬ್ರಿಟನ್ ಎಂದು ಬರೆದಿತ್ತು! ಅದು ಹುಟ್ಟಿದ್ದು ಸತ್ತದ್ದು ಮಂಗೋಲಿಯದಲ್ಲಿ. ಅಲ್ಲಿ ಅಂಥ ಎಲುಬು ರಾಷ್ಟ್ರದ ಸ್ವತ್ತು. ಕೋರ್ಟಿನ ಮೂಲಕ ೨೦೧೩ರಲ್ಲಿ ಅದು ತವರು ಸೇರಿತು. ಕಳ್ಳಮಾಲಿನ ವಿಳಾಸ ಅಳಿಸುವವನು ದೇಶವೊಂದನ್ನಷ್ಟೇ ವಂಚಿಸುವುದಿಲ್ಲ. ಯಾವ ಪದರದಲ್ಲಿ, ಯಾವ ಜೀವಿಗಳ ನಡುವೆ ಅದು ಮಲಗಿತ್ತೆಂಬ ಜ್ಞಾನವೂ ಅದರೊಡನೆ ಅಳಿಯುತ್ತದೆ. ವಿಳಾಸವಿಲ್ಲದ ಎಲುಬು ಅಲಂಕಾರದ ಕಲ್ಲು ಮಾತ್ರ.

ಚಿಕ್ಕ ಅಂಗಡಿಯೆಲ್ಲ ಸತ್ಯಹರಿಶ್ಚಂದ್ರನದೆಂದು ನನ್ನ ವಾದವಲ್ಲ. ಚೀನದ ಲಿಯಾನಿಂಗ್‌ನಲ್ಲಿ ಒಂದರ ಮೈಗೆ ಇನ್ನೊಂದರ ಬಾಲ ಅಂಟಿಸಿದ ‘ಆರ್ಕಿಯೊರ‍್ಯಾಪ್ಟರ್’, ಅಮೆರಿಕದ ಟೂಸಾನ್ ಸಂತೆಯಲ್ಲಿ ೮೦ ಸಾವಿರ ಡಾಲರಿಗೆ ಮಾರಾಟವಾಗಿ, ೧೯೯೯ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯನ್ನೇ ಮೋಸಗೊಳಿಸಿತು. ಗಾತ್ರ ಇಲ್ಲಿ ಮುಖ್ಯವಲ್ಲ. ಕೇಳಿದರೆ ಉತ್ತರ ಕೊಡುವವರು ಇದ್ದಾರೆಯೇ ಎಂಬುದು ಮುಖ್ಯ.

ದಿನಸಿಯ ವಿಷಯದಲ್ಲೂ ಹೀಗೆಯೇ. ಮೂಲೆಯಂಗಡಿಯ ಶೆಟ್ಟರಿಗೆ ಅಕ್ಕಿ ಯಾವ ಮಂಡಿಯಿಂದ ಬಂತೆಂಬುದೂ ಗೊತ್ತು, ಯಾರ ಮನೆಗೆ ಹೋಗುತ್ತದೆಂಬುದೂ ಗೊತ್ತು. ತೂಕದಲ್ಲಿ ತಪ್ಪಿದರೆ ನಾಳೆ ಬೆಳಗ್ಗೆ ನಮ್ಮ ಮುಖ ನೋಡಬೇಕು. ಭಾರಿ ಮಳಿಗೆಯ ಕಪಾಟಿಗೆ ಮುಖವಿಲ್ಲ. ಅಲ್ಲಿ ಎರಡು ಪ್ರಶ್ನೆಗೂ ಬೆಲೆಚೀಟಿಯೇ ಉತ್ತರ. ಪ್ರಶ್ನೆ ಕೇಳುವ ಅಭ್ಯಾಸವನ್ನೇ ಮರೆತ ಗಿರಾಕಿಯಿಂದಲೇ ಹರಾಜಿನವನ ಧೈರ್ಯ ಬೆಳೆಯುವುದು.

ಇದು ದೂರದ ದೇಶಗಳ ಮಾತೆಂದು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ದೇವರ ಮನೆಯ ಸಾಲಿಗ್ರಾಮವೂ ಪಳೆಯುಳಿಕೆಯೇ. ಹಿಮಾಲಯ ಎದ್ದು ನಿಲ್ಲುವ ಮೊದಲು ಅಲ್ಲಿದ್ದ ಕಡಲಿನ ಅಮ್ಮೊನೈಟ್ ಎಂಬ ಜೀವಿಯ ಗುರುತು. ಅದಕ್ಕೆ ಬೆಲೆ ಕಟ್ಟಬಾರದೆಂದು ಹಿರಿಯರು ವಿಧಿಸಿದ್ದರು. ಅದು ಗಂಡಕಿಯ ಕಲ್ಲೆಂಬ ವಿಳಾಸವನ್ನು ಮಾತ್ರ ಎಂದೂ ಬಿಡಲಿಲ್ಲ. ಇಂದು ಬೆಲೆ ಕಟ್ಟಿ ಮಾರುವವರಿಗೆ ಕೊರತೆಯಿಲ್ಲ. ಕೊಳ್ಳುವವರಾದರೂ ಬಾಯಿ ತೆರೆಯಲಿ. ಎಲ್ಲಿಂದ ಬಂತೆಂದು ಹೇಳಲಾರದವನ ಹತ್ತಿರ, ಅಂಗಡಿ ದೊಡ್ಡದಿರಲಿ ಚಿಕ್ಕದಿರಲಿ, ಒಂದು ಎಲುಬಿನ ಚೂರನ್ನೂ ಕೊಳ್ಳಬೇಡಿ. ಲೋಕದಲ್ಲಿ ಒಂದೇ ಒಂದಿರುವ ವಸ್ತು, ಯಾರು ಬೇಕಾದರೂ ಬಂದು ತಟ್ಟಬಹುದಾದ ಬಾಗಿಲಿನ ಹಿಂದೆಯೇ ಇರಬೇಕೆಂದು ಕಾನೂನು ಮಾಡುವವರನ್ನು ಒತ್ತಾಯಿಸಿ.