ಅಂಗಳಕ್ಕೆ ಇಂಟರ್‌ಲಾಕ್: ಮೊದಲು ಅರ್ಜಿ, ಆಮೇಲೆ ಲಾರಿ



ಕೆಲಸದ ನಿಮಿತ್ತ ಊರು ಬಿಟ್ಟು ಕೊಯಮತ್ತೂರಿನ ಕಡೆ ನೆಲೆಸಿದ ಕುಟುಂಬಗಳು ನಮ್ಮಲ್ಲಿವೆ. ಅಲ್ಲಿಂದ ಪಾಲಕ್ಕಾಡಿಗೆ ಹೋಗುವ ದಾರಿಯಲ್ಲಿ ಸಿಗುವ ಮದುಕ್ಕರೈ ಸಿಮೆಂಟಿನ ಊರು. ಅಲ್ಲಿನ ಸುಣ್ಣಕಲ್ಲನ್ನು ನಂಬಿ 1934ರಲ್ಲಿ ಶುರುವಾದ ಕಾರ್ಖಾನೆ ಮುಂದೆ ಎ.ಸಿ.ಸಿ. ಹೆಸರಿನಲ್ಲಿ ಪ್ರಸಿದ್ಧವಾಯಿತು. ಅಂಥ ಊರಿನಲ್ಲಿ ಮನೆ ಕೊಂಡವರಿಗೆ ಅಂಗಳಕ್ಕೆ ಇಂಟರ್‌ಲಾಕ್ ಹಾಸುವುದು ದೊಡ್ಡ ಮಾತೇ ಅಲ್ಲ. ಆದರೆ ಬಡಾವಣೆಯ ಮನೆಮಾಲೀಕರ ಸಂಘ "ಒಪ್ಪಿಗೆ ಪಡೆಯದೆ ಕೆಲಸ ಶುರು ಮಾಡಬೇಡಿ" ಎಂದು ಚೀಟಿ ಕಳಿಸಿದರೆ ಸಿಟ್ಟು ಬರುತ್ತದೆ. ನಮ್ಮ ಜಾಗ, ನಮ್ಮ ದುಡ್ಡು, ಇವರ ಅಪ್ಪಣೆ ಯಾಕೆ? ಬೆಂಗಳೂರು, ಮಂಗಳೂರಿನ ಓದುಗರಿಗೂ ಈ ಪ್ರಶ್ನೆ ಹೊಸದಲ್ಲ.

ಮೊದಲು ಜಾಗ ಯಾರದು ಎಂದು ನೋಡಿ. ಅಪಾರ್ಟ್‌ಮೆಂಟಾದರೆ ಕಾರು ನಿಲ್ಲಿಸುವ ಜಾಗ, ಒಳದಾರಿ, ಅಂಗಳ ಎಲ್ಲವೂ ಸಾಮಾನ್ಯವಾಗಿ ಎಲ್ಲರ ಪಾಲಿನ ಸೊತ್ತು. ಕರ್ನಾಟಕದ 1972ರ ಕಾಯಿದೆಯೂ ತಮಿಳುನಾಡಿನ 2022ರ ಕಾಯಿದೆಯೂ ಸಮಾನ ಜಾಗವನ್ನು ಎಲ್ಲ ಮಾಲೀಕರಿಗೂ ಸೇರಿದ್ದೆಂದೇ ಎಣಿಸುತ್ತವೆ. ಅಲ್ಲಿ ಒಬ್ಬರೇ ಕಲ್ಲು ಹಾಸುವಂತಿಲ್ಲ. ಬಿಡಿ ಮನೆಯಾದರೆ ಕಾಂಪೌಂಡಿನ ಒಳಗಿನ ಅಂಗಳ ನಿಮ್ಮದೇ. ಆದರೂ ಕ್ರಯಪತ್ರದಲ್ಲಿ ಸಂಘದ ನಿಯಮಗಳಿಗೆ ಬದ್ಧ ಎಂದು ಸಹಿ ಹಾಕಿರಬಹುದು; ಪೆಟ್ಟಿಗೆಯಿಂದ ತೆಗೆದು ಒಮ್ಮೆ ಓದಿ.

ಇನ್ನು ಗೇಟಿನ ಹೊರಗೆ ರಸ್ತೆಯವರೆಗಿನ ಆ ನಾಲ್ಕಡಿ ಇದೆಯಲ್ಲ, ಜಗಳ ಹುಟ್ಟುವುದು ಅಲ್ಲೇ. ಅನುಮೋದಿತ ಬಡಾವಣೆಗಳ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರುತ್ತಾರೆ. ಮದುಕ್ಕರೈ 2021ರಲ್ಲಿ ನಗರಸಭೆಯಾಯಿತು. ಹಾಗೆ ಬಿಟ್ಟುಕೊಟ್ಟ ರಸ್ತೆಯಂಚಿಗೆ, ಚರಂಡಿಯ ಮೇಲೆ ಹಾಸಬೇಕಾದರೆ ಸಂಘದ ಒಪ್ಪಿಗೆ ಸಾಲದು, ನಗರಸಭೆಯನ್ನೇ ಕೇಳಬೇಕು. ತನ್ನದಲ್ಲದ ಜಾಗಕ್ಕೆ ಸಂಘ ಹೇಗೆ ಒಪ್ಪಿಗೆ ಕೊಟ್ಟೀತು?

ನಮ್ಮ ಜಾಗದ ಒಳಗೇ ಹಾಸಿದರೂ ಸಂಘಕ್ಕೆ ಕೇಳುವ ಹಕ್ಕಿದೆಯೇ? ನನ್ನ ಅಭಿಪ್ರಾಯದಲ್ಲಿ ಒಂದು ವಿಷಯದಲ್ಲಿ ಖಂಡಿತ ಇದೆ, ಅದು ನೀರು. ಲೆಕ್ಕ ಹಾಕಿ ನೋಡಿ. ಒಂದು ಸೆಂಟ್ ಎಂದರೆ ಸುಮಾರು 435 ಚದರಡಿ. ಅದರ ಮೇಲೆ ಐದು ಸೆಂಟಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರ್ ನೀರು. ಮಣ್ಣಿನ ಅಂಗಳ ಅದರಲ್ಲಿ ಒಂದಷ್ಟನ್ನು ಕುಡಿಯುತ್ತದೆ. ಒತ್ತಾಗಿ ಹಾಸಿದ ಸಿಮೆಂಟ್ ಇಟ್ಟಿಗೆ ಹೆಚ್ಚಿನದನ್ನು ಹೊರಗೆ ತಳ್ಳುತ್ತದೆ, ಅದೂ ತಗ್ಗಿನಲ್ಲಿರುವ ಪಕ್ಕದ ಮನೆಯ ಕಡೆಗೆ. ಕೊಯಮತ್ತೂರಿನ ಕಡೆ ಮಳೆ ನಮ್ಮ ಕರಾವಳಿಯಷ್ಟಿಲ್ಲ, ನಿಜ. ಆದರೆ ಅಕ್ಟೋಬರ್, ನವೆಂಬರಿನ ಹಿಂಗಾರು ಒಂದೇ ಸಂಜೆಯಲ್ಲಿ ಧಾರಾಳವಾಗಿ ಸುರಿಯಬಲ್ಲದು. ಒಂಟಿಯಾಗಿರುವ ಹಿರಿಯರ ಅಡುಗೆಮನೆಗೆ ನಮ್ಮ ಅಂಗಳದ ನೀರು ನುಗ್ಗಿದರೆ ಹತ್ತು ವರ್ಷದ ನೆರೆಹೊರೆ ಒಂದು ರಾತ್ರಿಯಲ್ಲಿ ಹಾಳು.

ತಮಿಳುನಾಡು 2003ರಲ್ಲೇ ಎಲ್ಲ ಕಟ್ಟಡಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿತು. ಅಂಗಳ ಹಾಸುವ ಭರದಲ್ಲಿ ಕೆಲಸದವರು ಆ ಇಂಗುಗುಂಡಿಯನ್ನೇ ಮುಚ್ಚಿಬಿಡುತ್ತಾರೆ. ಸಂಘ ಇದನ್ನು ತಡೆದರೆ ಅದು ಕಿರಿಕಿರಿಯಲ್ಲ, ಕರ್ತವ್ಯ.

ಹಾಗಾದರೆ ಅರ್ಜಿ ಹೇಗಿರಬೇಕು? "ಅಂಗಳಕ್ಕೆ ಕಲ್ಲು ಹಾಕಲು ಅನುಮತಿ ಕೋರಿ" ಎಂದು ಎರಡು ಸಾಲು ಬರೆದರೆ ಸಮಿತಿಯವರು ಮುಂದಿನ ಸಭೆಗೆ ತಳ್ಳುತ್ತಾರೆ, ತಪ್ಪೇನಲ್ಲ. ಒಂದು ಹಾಳೆಯಲ್ಲಿ ಅಂಗಳದ ನಕ್ಷೆ ಬರೆಯಿರಿ. ಮಗಳೋ ಮಗನೋ ಸ್ಕೇಲು ಹಿಡಿದು ಬರೆದರೂ ಸಾಕು. ಇಂಗುಗುಂಡಿ, ನೀರಿನ ಪೈಪು, ಒಳಚರಂಡಿಯ ಮುಚ್ಚಳ ಎಲ್ಲಿವೆ ಎಂದು ಗುರುತಿಸಿ. ಇಳಿಜಾರು ಯಾವ ಕಡೆಗೆ ಎಂದು ಬಾಣ ಹಾಕಿ. ಹತ್ತಡಿಗೆ ಎರಡೂವರೆ ಅಂಗುಲ ಇಳಿಜಾರಿದ್ದರೆ ನೀರು ನಿಲ್ಲುವುದಿಲ್ಲ. ಅದು ಮನೆಯ ಗೋಡೆಯಿಂದ ದೂರ, ನಿಮ್ಮದೇ ಗುಂಡಿಯ ಕಡೆಗಿರಲಿ. ಇಟ್ಟಿಗೆಯ ದಪ್ಪವನ್ನೂ ಬರೆಯಿರಿ. ಭಾರತೀಯ ಮಾನಕ ಸಂಸ್ಥೆ 2006ರಲ್ಲಿ ಹೊರತಂದ ಮಾನಕದಲ್ಲಿ ಬರೀ ನಡೆದಾಡುವ ಜಾಗಕ್ಕೆ 50 ಮಿಲಿಮೀಟರ್, ಹಗುರ ವಾಹನ ಓಡಾಡುವಲ್ಲಿ 60 ಎಂದಿತ್ತು. ಕೆಲಸ ಎಷ್ಟು ದಿನ, ಲಾರಿ ಎಲ್ಲಿ ನಿಲ್ಲುತ್ತದೆ, ಅಗೆದ ಮಣ್ಣು ಎಲ್ಲಿಗೆ ಹೋಗುತ್ತದೆ, ಪೈಪು ಒಡೆದರೆ ಖರ್ಚು ಯಾರದು – ಇವನ್ನು ಅವರು ಕೇಳುವ ಮೊದಲೇ ಹೇಳಿಬಿಡಿ.

ಅರ್ಜಿ ಕೊಡುವ ಮೊದಲು ಆ ನಕ್ಷೆ ಹಿಡಿದು ಎರಡೂ ಪಕ್ಕದ ಮನೆಗಳಿಗೆ ಹೋಗಿ ಬನ್ನಿ. ಸಭೆಯಲ್ಲಿ ಎದ್ದು ನಿಲ್ಲುವ ಎಷ್ಟೋ ಆಕ್ಷೇಪಣೆಗಳು ಕಾಫಿ ಲೋಟದ ಮುಂದೆ ಹತ್ತು ನಿಮಿಷದಲ್ಲಿ ಕರಗುತ್ತವೆ.

"ಹಾಕಿಕೊಳ್ಳಿ, ನಾನಿದ್ದೇನಲ್ಲ" ಎಂದು ಕಾರ್ಯದರ್ಶಿಗಳು ಮೆಟ್ಟಿಲ ಮೇಲೆ ಹೇಳಿದ್ದನ್ನು ನಂಬಿ ಮುಂಗಡ ಕೊಡಬೇಡಿ. ಸಮಿತಿ ಬದಲಾಗುತ್ತದೆ, ಕಾಗದ ಉಳಿಯುತ್ತದೆ. ಒಪ್ಪಿಗೆ ಬರಹದಲ್ಲಿರಲಿ, ಷರತ್ತುಗಳೂ ಇರಲಿ. ನಿರಾಕರಿಸಿದರೂ ಕಾರಣವನ್ನು ಬರಹದಲ್ಲೇ ಕೇಳಿ: ಯಾವ ನಿಯಮ, ಬೈಲಾದ ಯಾವ ಕಲಮು? ಎದುರು ಮನೆಗೆ ಕೊಟ್ಟ ಒಪ್ಪಿಗೆ ನಿಮಗೇಕಿಲ್ಲ? ಬಣ್ಣ ಹಿಡಿಸಲಿಲ್ಲ ಎಂಬುದಷ್ಟೇ ಕಾರಣವಾದರೆ ವಿಷಯವನ್ನು ಸರ್ವಸದಸ್ಯರ ಸಭೆಗೆ ಒಯ್ಯಿರಿ, ವಿನಯದಿಂದಲೇ.

ಸಂಘವೇ ಒಳದಾರಿಗೆ ಹೊಸದಾಗಿ ಹಾಸಲು ಚಂದಾ ಎತ್ತುತ್ತಿದ್ದರೆ ಒಂದು ಮಾತು ನೆನಪಿಡಿ. 2016ರ ರೇರಾ ಕಾಯಿದೆಯ ವ್ಯಾಪ್ತಿಗೆ ಬರುವ ಯೋಜನೆಗಳಲ್ಲಿ, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಾಮಗಾರಿಯ ದೋಷ ತಿಳಿಸಿದರೆ ಬಿಲ್ಡರ್ ಖರ್ಚು ಕೇಳದೆ ಮೂವತ್ತು ದಿನಗಳಲ್ಲಿ ಸರಿಪಡಿಸಬೇಕು. ಹಾಸು ಕುಸಿದಿದ್ದಕ್ಕೆ ಮನೆಗಿಷ್ಟು ಎಂದು ಎತ್ತುವ ಮೊದಲು ಸ್ವಾಧೀನದ ತಾರೀಖು ನೋಡಿ.

ಅಂಗಳವನ್ನೆಲ್ಲ ಹಾಸಲೇಬೇಕೆಂದೇನೂ ಇಲ್ಲ. ಕಾರಿನ ಗಾಲಿ ಹೋಗುವಲ್ಲಿ, ನಡೆದಾಡುವಲ್ಲಿ ಹಾಸಿ, ತೆಂಗಿನ ಬುಡ, ಮಲ್ಲಿಗೆಯ ಪಾತಿ ಬಿಟ್ಟುಬಿಟ್ಟರೆ ಖರ್ಚೂ ಕಡಿಮೆ, ಮಧ್ಯಾಹ್ನದ ಝಳವೂ ಕಡಿಮೆ. ಸಂಘದವರೂ ಬೇಗ ಒಪ್ಪುತ್ತಾರೆ. ಅಗೆತ ಮುಗಿದು ಮರಳು ಹರಡುವ ಮೊದಲು ಪೈಪುಗಳು ಕಾಣುವ ಹಾಗೆ ನಾಲ್ಕು ಫೋಟೊ ತೆಗೆದು, ಒಂದು ಪ್ರತಿಯನ್ನು ಒಪ್ಪಿಗೆ ಪತ್ರದ ಜೊತೆ ಇಡಿ, ಇನ್ನೊಂದನ್ನು ಪಕ್ಕದ ಮನೆಯವರಿಗೆ ಕೊಡಿ.