ಸೀರೆಯ ಹೂವಿಗೆ ಹೆಸರು ಬೇಡವೇ?

ಪೀಣ್ಯದ ಬಳಿಯ ಶಾಲೆಯೊಂದರಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ, ಲೆಕ್ಕದ ಪುಸ್ತಕದ ಅಂಚಿನಲ್ಲೆಲ್ಲ ಕಣಗಿಲೆ, ದಾಸವಾಳಗಳನ್ನು ಬಿಡಿಸುತ್ತಿದ್ದ ಹುಡುಗಿಯೊಬ್ಬಳಿದ್ದಳು. ನಾನು ಗದರಿಸಿದ್ದೂ ಉಂಟು. ಬಟ್ಟೆಗೆ ಹೂವಿನ ವಿನ್ಯಾಸ ರಚಿಸುವುದೇ ಈಗ ಆಕೆಯ ವೃತ್ತಿ. ಕಳೆದ ಯುಗಾದಿಗೆ ಮನೆಗೆ ಬಂದವಳು, "ಮೇಷ್ಟ್ರೇ, ಇದು ನಾನು ಬರೆದ ಹೂವು" ಎಂದು ಬಟ್ಟೆಯೊಂದನ್ನು ಹರಡಿದಳು. ಅಂಚನ್ನು ತಿರುಗಿಸಿ ನೋಡಿದೆ. ಕಂಪನಿಯ ಹೆಸರಿತ್ತು, ಆಕೆಯದಿರಲಿಲ್ಲ.

ಓದುಗ ಮಿತ್ರರೇ, ಇದು ಸುಲಭದ ಕೆಲಸವಲ್ಲ. ಬಲಗಡೆ ಅರ್ಧಕ್ಕೆ ನಿಂತ ಎಸಳು ಎಡಗಡೆಯ ಎಸಳಿನೊಡನೆ ಕೂಡಿಕೊಂಡು, ಎಲ್ಲಿಯೂ ಜೋಡಣೆಯ ಗೆರೆ ಕಾಣದಂತೆ ಹೂವು ಗಜಗಟ್ಟಲೆ ಮರುಕಳಿಸಬೇಕು. ಸ್ಕ್ರೀನ್ ಮುದ್ರಣವಾದರೆ ಬಣ್ಣಕ್ಕೊಂದು ಸ್ಕ್ರೀನು ಬೇಕಾಗುವುದರಿಂದ, ಇರುವ ನಾಲ್ಕೈದು ಬಣ್ಣಗಳಲ್ಲೇ ತೋಟವನ್ನು ಅರಳಿಸಬೇಕು.

ಕಾನೂನು ಆಕೆಯ ನೆರವಿಗೆ ಬರುವುದು ಅಷ್ಟಕ್ಕಷ್ಟೇ. 2000ದ ವಿನ್ಯಾಸ ಕಾಯಿದೆಯಡಿ ನೋಂದಾಯಿಸಿದರೆ ಮೊದಲು 10 ವರ್ಷ, ವಿಸ್ತರಿಸಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಆದರೆ ಹಣ ಪಡೆದು ಬರೆದುಕೊಟ್ಟ ವಿನ್ಯಾಸದ ಒಡೆತನ ಬರೆದವಳದಲ್ಲ, ಬರೆಸಿಕೊಂಡವರದು. ನೋಂದಣಿಗೆ ಅರ್ಹವಾಗಿಯೂ ನೋಂದಣಿಯಾಗದ ವಿನ್ಯಾಸವು ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಬಾರಿ ಅಚ್ಚಾದರೆ, 1957ರ ಕಾಯಿದೆಯ ಪ್ರಕಾರ ಹಕ್ಕುಸ್ವಾಮ್ಯವೇ ಅಳಿಯುತ್ತದೆ.

ಧಾರವಾಡ ಸೀಮೆಯ ಕಸೂತಿಯಲ್ಲಿ ಕಮಲ, ತುಳಸಿಕಟ್ಟೆಗಳನ್ನು ಮೂಡಿಸಿದ ಹೆಂಗಳೆಯರ ಹೆಸರುಗಳೂ ಉಳಿದಿಲ್ಲವಲ್ಲ ಎಂದು ಕೆಲವರು ಕೇಳಬಹುದು. ನಿಜ. ಆದರೆ ಆ ಕಮಲ ಊರಿನವರೆಲ್ಲರ ಸ್ವತ್ತಾಗಿತ್ತು. ನೆರೆಮನೆಯಾಕೆ ನೋಡಿ ಕಲಿಯಬಹುದಿತ್ತು. ಹಂಚಿಕೊಂಡು ಹೆಸರಿಲ್ಲದಿರುವುದು ಬೇರೆ, ಮಾರಿಕೊಂಡು ಹೆಸರಿಲ್ಲವಾಗುವುದು ಬೇರೆ.

ಹೆಸರು ಉಳಿಸಿಕೊಂಡೇ ಹಂಚಿದವರೂ ನಮ್ಮ ಬೆಂಗಳೂರಿನಲ್ಲಿದ್ದಾರೆ. ಚಿಮಿ ನಂಜಪ್ಪ ಮತ್ತು ಅವರ ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ಆರಂಭಿಸಿದ 'ವಿಮೋರ್' ಸಂಸ್ಥೆಯು ಹಳೆಯ ಸೀರೆಗಳ ವಿನ್ಯಾಸಗಳಿಗೆ ಮರುಜೀವ ಕೊಟ್ಟಿತು. ಆ ವಿನ್ಯಾಸಗಳನ್ನು ನೇಕಾರರೊಡನೆ ಹಂಚಿಕೊಂಡಿತು. ಅದರಿಂದ ಅವರ ಹೆಸರು ಸವೆಯಲಿಲ್ಲ, ಬೆಳೆಯಿತು.

ಪುಸ್ತಕದ ರಕ್ಷಾಪುಟ ಬರೆದವರ ಹೆಸರನ್ನು ನಾವು ಒಳಪುಟದಲ್ಲಿ ಅಚ್ಚುಹಾಕುತ್ತೇವೆ. ಹಾಗೆಯೇ ಬಟ್ಟೆಯ ಅಂಚಿನಲ್ಲಿ, ಬೆಲೆಯ ಚೀಟಿಯಲ್ಲಾದರೂ, ವಿನ್ಯಾಸ ಮಾಡಿದವರ ಹೆಸರಿರಲಿ. ಅದಕ್ಕೆ ಕಾನೂನು ಬದಲಾಗಬೇಕಿಲ್ಲ. ಮನಸ್ಸು ಬದಲಾದರೆ ಸಾಕು.

ಅಂದು ಪುಸ್ತಕದ ಅಂಚಿನಲ್ಲಿ ಹೂವು ಬೇಡವೆಂದವನು ನಾನು. ಇಂದು ಬಟ್ಟೆಯ ಅಂಚಿನಲ್ಲಿ ಆಕೆಯ ಹೆಸರು ಬೇಕೆನ್ನುತ್ತಿದ್ದೇನೆ. ತಡವಾಗಿ ತಿದ್ದಿದ ಉತ್ತರಪತ್ರಿಕೆಯಿದು.