ಹಿತ್ತಲ ಗಿಡವೂ ಮದ್ದೇ

ಹಿತ್ತಲ ಗಿಡ ಮದ್ದಲ್ಲವೆಂಬುದು ನಮ್ಮ ಹಿರಿಯರ ಮಾತು. ರೋಗಾಣುಗಳೊಡನೆ ಹೋರಾಡುವ ವಿಷಯದಲ್ಲಿ ನಾವು ಇಂದಿಗೂ ಹಾಗೆಯೇ ನಡೆದುಕೊಳ್ಳುತ್ತಿರುವೆವೆಂದು ನನಗೆ ತೋರುತ್ತದೆ.

ಸವೆದ ಮಂಡಿಗೆ ಲೋಹದ ಕೀಲು, ಕೆಟ್ಟ ಹೃದಯಕ್ಕೆ ಕೃತಕ ಕವಾಟ, ಮುರಿದ ಎಲುಬಿಗೆ ಉಕ್ಕಿನ ಪಟ್ಟಿ ಇವೆಲ್ಲ ಈಗ ಸಾಮಾನ್ಯ. ಹಾಸಿಗೆ ಹಿಡಿದವರು ಎದ್ದು ನಡೆಯುತ್ತಾರೆ. ಆದರೆ ಈ ಉಪಕಾರದ ಬೆನ್ನಿಗೇ ಒಂದು ಅಪಾಯವಿದೆ. 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬವರು ಪ್ರಯೋಗದಿಂದ ಇದನ್ನು ತೋರಿಸಿದರು. ಮನುಷ್ಯನ ಚರ್ಮದಲ್ಲಿ ಕೀವು ಹುಟ್ಟಿಸಲು ಸ್ಟ್ಯಾಫಿಲೊಕಾಕಸ್ ರೋಗಾಣುಗಳು ದಶಲಕ್ಷಗಟ್ಟಲೆ ಬೇಕು. ರೇಷ್ಮೆಯ ಹೊಲಿಗೆದಾರವೊಂದು ಅಲ್ಲಿದ್ದರೆ ಕೆಲವು ನೂರೇ ಸಾಕು!

ಕಾರಣವೇನು? ಪರವಸ್ತುವಿನ ಮೇಲೆ ರೋಗಾಣುಗಳು ಗುಂಪುಗೂಡಿ ಅಂಟಿನ ಪೊರೆಯೊಂದನ್ನು ಹೊದ್ದು ಕೂರುತ್ತವೆ. ಔಷಧಿ ಆ ಪೊರೆಯೊಳಗಿನವುಗಳನ್ನು ಸುಲಭವಾಗಿ ಕೊಲ್ಲಲಾರದು. ನಮ್ಮನ್ನು ಕಾಯಬೇಕಾದ ಬಿಳಿಯ ರಕ್ತಕಣಗಳೂ ಲೋಹದ ಬಳಿ ಬಳಲಿ ಬಲಗುಂದುತ್ತವೆ. ಎಷ್ಟೋ ವೇಳೆ ಕೀಲನ್ನೇ ಕಿತ್ತು ತೆಗೆಯುವುದೊಂದೇ ದಾರಿಯಾಗುತ್ತದೆ. ರೋಗಿಯ ನೋವನ್ನೂ ಮನೆಯವರ ಸಾಲವನ್ನೂ ಊಹಿಸಿಕೊಳ್ಳಿ.

ಇಂತಹಲ್ಲಿ ಇನ್ನೂ ಬಲವಾದ ಔಷಧಿ ಬೇಕೆಂದು ಕೂಗಿದರೆ ಸಾಲದು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗರೇ, ಅಳತೆಗೆಟ್ಟು ಬಳಸಿದರೆ ರೋಗಾಣುಗಳು ಅದನ್ನು ಮೀರಿ ನಿಲ್ಲುವುವೆಂದು 1945ರಲ್ಲಿ ಎಚ್ಚರಿಸಿದ್ದರು. ಅದು ನಿಜವಾಗಿದೆ. ಅವರಿಗೂ ಮುಂಚೆ, 1882ರಲ್ಲಿ, ಮೆಚ್ನಿಕಾಫರು ನಕ್ಷತ್ರಮೀನಿನ ಮರಿಯೊಳಗೆ ಗುಲಾಬಿಯ ಮುಳ್ಳು ಚುಚ್ಚಿ, ಅದನ್ನು ಮುತ್ತುವ ಜೀವಕಣಗಳನ್ನು ಕಂಡಿದ್ದರು. ಅಂದಿನ ಮುಳ್ಳೇ ಇಂದಿನ ಲೋಹದ ಕೀಲು. ಆ ಕಣಗಳ ಬಂಧುಗಳೇ ನಮ್ಮ ಹಿತ್ತಲ ಗಿಡ. ಅವುಗಳನ್ನು ಹುರಿದುಂಬಿಸುವ ಲೇಪಗಳನ್ನೂ ಔಷಧಿಗಳನ್ನೂ ಸಂಶೋಧಕರು ಇಂದು ಅರಸುತ್ತಿದ್ದಾರೆ. ಈ ದಾರಿಗೆ ನಮ್ಮ ಬೆಂಬಲವಿರಬೇಕೆಂಬುದೇ ನನ್ನ ವಾದ.

ಆದರೆ ಆತುರ ಸಲ್ಲದು. ಕೆರಳಿದ ಕಣಗಳು ಸುತ್ತಲಿನ ಎಲುಬನ್ನೂ ಕೆಡಿಸಬಲ್ಲವು. ಹೃದಯದ ಶಸ್ತ್ರಚಿಕಿತ್ಸೆಗೆ ಮುನ್ನ ಕೊಟ್ಟ ಸ್ಟ್ಯಾಫಿಲೊಕಾಕಸ್ ಲಸಿಕೆಯೊಂದು ಸೋಂಕನ್ನು ತಡೆಯಲಿಲ್ಲ. ಸೋಂಕು ತಗುಲಿದವರಲ್ಲಿ ಲಸಿಕೆ ಪಡೆದವರೇ ಹೆಚ್ಚಾಗಿ ಸತ್ತರೆಂದು 2013ರ ವರದಿ ತಿಳಿಸಿತು. ಕಾವಲುಗಾರನಿಗೆ ಕೋಲು ಕೊಡುವುದಷ್ಟೇ ಅಲ್ಲ, ಎಲ್ಲಿ ಬೀಸಬೇಕೆಂಬುದನ್ನೂ ಕಲಿಸಬೇಕು.

ಕಲಾವಿದ್ಯಾರ್ಥಿಗಳಾದ ನಮಗೇಕೆ ಈ ಚರ್ಚೆ ಎನ್ನಬೇಡಿ. ಎರಡು ದಿನ ಮಾತ್ರೆ ನುಂಗಿ ಮೂರನೆಯ ದಿನ ಬಿಡುವವರು ನಾವೇ. ನಾಳೆ ಲೋಹದ ಕೀಲಿನ ಮೇಲೆ ನಡೆಯಬೇಕಾದವರು ನಮ್ಮ ತಾಯಿತಂದೆಗಳೇ. ಆಸ್ಪತ್ರೆಯಲ್ಲಿ ಶುಚಿ, ಔಷಧಿಯಲ್ಲಿ ಮಿತಿ, ಸಂಶೋಧನೆಯಲ್ಲಿ ತಾಳ್ಮೆ: ಈ ಮೂರೂ ಕೂಡಿದರೆ ಹಿತ್ತಲ ಗಿಡವೂ ಮದ್ದಾದೀತು.